ಜರಡಿ ಹಿಡಿಯಬೇಕಾದದ್ದು ಯಾವಾಗ?

ನೀಟ್ ಫಲಿತಾಂಶ ಬಂದ ಮರುವಾರ ನಮ್ಮ ಮನೆಗೆ ಜನ ಬರತೊಡಗುತ್ತಾರೆ. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ಹೇಳಿದವನ ಹತ್ತಿರ ಆ ವಾರದಲ್ಲಿ ಬೇರೆ ಯಾವ ಕೆಲಸಕ್ಕೆ ಬಂದಾರು? ಈ ಸಲ ಬಂದವನು ನನ್ನ ಹಳೆಯ ವಿದ್ಯಾರ್ಥಿ. ಈಗ ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರ. ಜೊತೆಗೆ ಮಗಳು. ಎರಡನೇ ಸಲ ಬರೆದದ್ದು, 720ಕ್ಕೆ 390. ಚಹಾ ಆರುವ ಮೊದಲೇ ಕೇಳಿದ: "ಸರ, ಜಾರ್ಜಿಯಾ ಛಲೋನೋ, ಕಿರ್ಗಿಸ್ತಾನ ಛಲೋನೋ? ಏಜೆಂಟರು ಎರಡೂ ಎನ್‌ಎಂಸಿ ಅಪ್ರೂವ್ಡ್ ಅನ್ನಾಕತ್ತಾರ್ರಿ."

ಆ ಹೊತ್ತಿಗೆ ನಾನು ಕೊಟ್ಟದ್ದು ಚಿಕ್ಕ ಉತ್ತರ. ಅವನಿಗೆ ಸಲ್ಲಬೇಕಾದದ್ದು ಇನ್ನೂ ದೊಡ್ಡದಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ, 'ಎನ್‌ಎಂಸಿ ಅಪ್ರೂವ್ಡ್' ಎಂಬ ಮಾತೇ ಸುಳ್ಳು. ರಾಷ್ಟ್ರೀಯ ವೈದ್ಯಕೀಯ ಆಯೋಗ ವಿದೇಶದ ಕಾಲೇಜುಗಳಿಗೆ ಹೋಗಿ ನೋಡಿ ಒಪ್ಪಿಗೆ ಕೊಡುವುದಿಲ್ಲ, ಒಪ್ಪಿದ ಕಾಲೇಜುಗಳ ಪಟ್ಟಿಯನ್ನೂ ಹೊರಡಿಸುವುದಿಲ್ಲ. ಅದು ಷರತ್ತುಗಳನ್ನು ಬರೆದಿಟ್ಟಿದೆ, ಅಷ್ಟೆ. 2021ರ ನವೆಂಬರ್ 18ರ ನಿಯಮದ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಪಾಠ ಇಂಗ್ಲಿಷಿನಲ್ಲಿರಬೇಕು. ಓದಿದ ದೇಶದಲ್ಲಿ ಅಲ್ಲಿಯ ಪ್ರಜೆಗೆ ಸಿಗುವಂಥದೇ ವೈದ್ಯ ಪರವಾನಗಿಗೆ ನಮ್ಮ ಹುಡುಗನೂ ಅರ್ಹನಾಗಿರಬೇಕು. ಊರಿಗೆ ಬಂದಮೇಲೆ ಪರೀಕ್ಷೆ, ಆಮೇಲೆ ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಇಷ್ಟೆಲ್ಲ ಷರತ್ತನ್ನು ಒಂದು ಕಾಲೇಜು ಪೂರೈಸುತ್ತದೋ ಇಲ್ಲವೋ ಎಂದು ತಿಳಿದುಕೊಳ್ಳುವ ಹೊಣೆ ಯಾರದು? ಹದಿನೆಂಟು ವರ್ಷದ ಹುಡುಗಿಯದು ಮತ್ತು ಬೀಜದ ಅಂಗಡಿ ನಡೆಸುವ ಅವಳ ಅಪ್ಪನದು. ಎಡವಿದ್ದು ಗೊತ್ತಾಗುವ ಹೊತ್ತಿಗೆ ಆರು ವರ್ಷ ಕಳೆದಿರುತ್ತದೆ.

ನಮ್ಮ ಕಡೆ ಹಿಟ್ಟಿಗೆ ಜರಡಿ ಹಿಡಿಯುವುದು ನಾದುವ ಮೊದಲು. ರೊಟ್ಟಿ ಬಡಿದು, ಬೇಯಿಸಿ, ಬುಟ್ಟಿಗೆ ಹಾಕಿದ ಮೇಲೆ ಯಾರೂ ಜರಡಿ ಹುಡುಕುವುದಿಲ್ಲ. ವಿದೇಶಕ್ಕೆ ಹೋಗಿ ಡಾಕ್ಟರಾಗುವ ಮಕ್ಕಳ ವಿಷಯದಲ್ಲಿ ನಾವು ಮಾಡುತ್ತಿರುವುದು ಅದನ್ನೇ. ಹೋಗುವಾಗ ಬಾಗಿಲು ಅಗಲವಾಗಿ ತೆರೆದಿದೆ. ಜರಡಿ ಇರುವುದು ಬರುವ ದಾರಿಯಲ್ಲಿ.

ಇವರು ಹೋಗುವುದೇಕೆ ಎಂಬುದನ್ನು ಸರಿಯಾಗಿ ನೋಡಬೇಕು, ಏಕೆಂದರೆ 'ದಡ್ಡರು ಹೋಗುತ್ತಾರೆ' ಎಂಬ ಮಾತು ನಮ್ಮಲ್ಲಿ ಬಹಳ ಸಲೀಸಾಗಿ ಬರುತ್ತದೆ. ಈಚಿನ ವರ್ಷಗಳಲ್ಲಿ ನೀಟ್ ಬರೆಯುವವರು ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಅರ್ಹರಾಗುವವರೇ ಹತ್ತು ಲಕ್ಷ ದಾಟುತ್ತಾರೆ. ದೇಶದಲ್ಲಿರುವ ಎಂಬಿಬಿಎಸ್ ಸೀಟು ಒಂದೂಕಾಲು ಲಕ್ಷದ ಆಸುಪಾಸು, ಅದರಲ್ಲಿ ಸರ್ಕಾರಿ ಕಾಲೇಜಿನವು ಹೆಚ್ಚುಕಡಿಮೆ ಅರ್ಧ. ಸಾಮಾನ್ಯ ವರ್ಗಕ್ಕೆ 2023ರಲ್ಲಿ ಅರ್ಹತೆಯ ಅಂಕ 137. ಅಂದರೆ 720ಕ್ಕೆ 137 ಪಡೆದ ಹುಡುಗ ಕಾನೂನಿನ ಪ್ರಕಾರ ಡಾಕ್ಟರಿಕೆ ಓದಲು ಅರ್ಹ. ಅವನ ಅಪ್ಪನ ಕೈಯಲ್ಲಿ ಕೋಟಿಯ ಲೆಕ್ಕದಲ್ಲಿ ಹಣವಿದ್ದರೆ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಮ್ಯಾನೇಜ್‌ಮೆಂಟ್ ಕೋಟಾ, ಎನ್‌ಆರ್‌ಐ ಕೋಟಾದ ಸೀಟಿಗೆ ಪ್ರಯತ್ನಿಸಬಹುದು. ಅವನಿಗಿಂತ ಇನ್ನೂರೈವತ್ತು ಅಂಕ ಹೆಚ್ಚು ಪಡೆದ ರಾಣೆಬೆನ್ನೂರಿನ ಹುಡುಗಿಗೆ ಸರ್ಕಾರಿ ಸೀಟು ಸಿಗುವುದಿಲ್ಲ, ಖಾಸಗಿ ಸೀಟಿನ ಹಣ ಅಪ್ಪನ ಹತ್ತಿರ ಇಲ್ಲ. ಇರುವುದು ಸುಮಾರು ಮೂವತ್ತು ಲಕ್ಷ ಹೊಂದಿಸಬಹುದಾದ ಒಂದು ಹೊಲ. ಮೂವತ್ತು ಲಕ್ಷಕ್ಕೆ ಆರು ವರ್ಷ ಮುಗಿಸಿಕೊಡುವ ದೇಶಗಳ ಹೆಸರು ಅವಳಿಗೆ ಗೊತ್ತಾಗುವುದೇ ಆಗ.

ಈ ಪರಿಸ್ಥಿತಿಯನ್ನು ಕಟ್ಟುವುದರಲ್ಲಿ ಕರ್ನಾಟಕದ ಪಾಲು ದೊಡ್ಡದು. ದೇಶದ ಮೊದಲ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲೊಂದು ಮಣಿಪಾಲದಲ್ಲಿ 1953ರಲ್ಲಿ ಶುರುವಾಯಿತು, ಅದರಿಂದ ಒಳ್ಳೆಯದೂ ಬಹಳ ಆಯಿತು. ಆಮೇಲೆ ಬಂದ ಡೊನೇಷನ್ ವ್ಯಾಪಾರವೂ ನಮ್ಮದೇ ನೆಲದ್ದು. 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾಯ್ದೆ ತಂದ ರಾಜ್ಯವೇ 1989ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಮೂರು ದರ ಗೊತ್ತುಮಾಡಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರ ರಾಜ್ಯದವರಿಗೆ 60,000ದವರೆಗೆ. ಉತ್ತರಪ್ರದೇಶದಿಂದ ತುಮಕೂರಿಗೆ ಸೀಟು ಕೇಳಿಕೊಂಡು ಬಂದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1992ರಲ್ಲಿ ಕೋರ್ಟು ಅವರ ವಾದವನ್ನು ಎತ್ತಿಹಿಡಿಯಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪಿನಿಂದ ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ಮಾತುಗಳು ಮನೆಮನೆಗೆ ಬಂದವು. 2002ರಲ್ಲಿ ಆ ವ್ಯವಸ್ಥೆಯೂ ಬಿತ್ತು, ಅದು ಬಿದ್ದದ್ದೂ ನಮ್ಮ ರಾಜ್ಯದಿಂದ ಹೋದ ಟಿ.ಎಂ.ಎ. ಪೈ ಫೌಂಡೇಷನ್ ಮೊಕದ್ದಮೆಯಲ್ಲೇ. ಮೂವತ್ತೈದು ವರ್ಷದ ಹಿಂದೆ ಬೇರೆ ರಾಜ್ಯದ ಮಕ್ಕಳು ಹಣದ ಚೀಲ ಹಿಡಿದು ಇಲ್ಲಿಗೆ ಬರುತ್ತಿದ್ದರು. ಇವತ್ತು ಹನ್ನೆರಡು ಸಾವಿರಕ್ಕೂ ಹೆಚ್ಚು ಎಂಬಿಬಿಎಸ್ ಸೀಟಿರುವ ಇದೇ ರಾಜ್ಯದ ಮಕ್ಕಳು ಕಿರ್ಗಿಸ್ತಾನದ ಬಿಷ್ಕೆಕ್‌ಗೆ ವಿಮಾನ ಹತ್ತುತ್ತಿದ್ದಾರೆ.

ಅಮೆರಿಕ, ಬ್ರಿಟನ್ನುಗಳ ಮಾತನ್ನು ಇಲ್ಲಿ ಬೇಗ ಮುಗಿಸಬಹುದು, ಏಕೆಂದರೆ ರಾಣೆಬೆನ್ನೂರಿಗೆ ಆ ದಾರಿ ಇಲ್ಲ. ಅಮೆರಿಕದಲ್ಲಿ ಮೊದಲು ಒಂದು ಪದವಿ, ಆಮೇಲೆ ಎಂಕ್ಯಾಟ್ ಪರೀಕ್ಷೆ. ಹೊರದೇಶದವರನ್ನು ತೆಗೆದುಕೊಳ್ಳುವ ವೈದ್ಯಕೀಯ ಶಾಲೆಗಳು ಕೆಲವೇ. ಅಲ್ಲಿಯ ಕೇಂದ್ರ ಸರ್ಕಾರದ ಸಾಲ ಹೊರಗಿನವರಿಗಿಲ್ಲ, ಕೆಲವು ಶಾಲೆಗಳಂತೂ ವರ್ಷಗಟ್ಟಲೆಯ ಶುಲ್ಕವನ್ನು ಮೊದಲೇ ಠೇವಣಿ ಇಡಿಸಿಕೊಳ್ಳುತ್ತವೆ. ಇಂಗ್ಲೆಂಡಿನಲ್ಲಿ ಹೊರದೇಶದವರಿಗೆ ಇರುವುದು ಶೇಕಡಾ 7.5ರ ಮಿತಿ. ಕಠಿಣ ಹೌದು, ಆದರೆ ಒಂದನ್ನು ಗಮನಿಸಬೇಕು: ಆ ದೇಶಗಳು ಜರಡಿ ಹಿಡಿಯುವುದು ಒಳಗೆ ಬಿಡುವ ಮೊದಲು. ಒಳಗೆ ಹೋದವನು ಹೆಚ್ಚುಕಡಿಮೆ ಡಾಕ್ಟರಾಗಿಯೇ ಹೊರಬರುತ್ತಾನೆ. ಬಾಗಿಲು ಅಗಲವಾಗಿರುವ ಕಡೆ ಈ ಭರವಸೆ ಇಲ್ಲ. ಅಲ್ಲಿಯ ಎಷ್ಟೋ ಕಾಲೇಜುಗಳಿಗೆ ನಮ್ಮ ಮಕ್ಕಳ ಡಾಲರ್ ಶುಲ್ಕವೇ ಆದಾಯ. ಆ ಮಕ್ಕಳು ಹಾವೇರಿಗೆ ಹಿಂದಿರುಗಿ ಏನಾಗುತ್ತಾರೆ ಎಂಬ ಚಿಂತೆಯನ್ನು ಅವು ಯಾಕೆ ಹೊರಬೇಕು?

ಇನ್ನು ನಮ್ಮ ಜರಡಿ. ಎಫ್‌ಎಂಜಿಇ ಎಂಬ ಪರೀಕ್ಷೆ ಹೊರಗೆ ಓದಿ ಬಂದವರಿಗೆ 2002ರಿಂದ ಇದೆ. ವರ್ಷಕ್ಕೆ ಎರಡು ಸಲ, 300 ಪ್ರಶ್ನೆ, 150 ಬಂದರೆ ಪಾಸು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. 2023ರ ಜೂನ್ ಸುತ್ತಿನಲ್ಲಿ ಪಾಸಾದವರು ನೂರಕ್ಕೆ ಹತ್ತು ಮಂದಿ. ಸ್ವಲ್ಪ ಒಳ್ಳೆಯ ಸುತ್ತುಗಳಲ್ಲಿ ಇಪ್ಪತ್ತು, ಇಪ್ಪತ್ತೈದರ ಹತ್ತಿರ ಬರುತ್ತದೆ. ಉಳಿದವರು ಡೆಲ್ಲಿಯಲ್ಲೋ ಹೈದರಾಬಾದಿನಲ್ಲೋ ಕೋಚಿಂಗ್ ಸೇರಿ, ಪಿಜಿಯಲ್ಲಿದ್ದುಕೊಂಡು ಮುಂದಿನ ಸುತ್ತಿಗೆ ಓದುತ್ತಾರೆ. ಊರಿಗೆ ಬರಲು ಹಿಂಜರಿಯುತ್ತಾರೆ. ಬಂದರೆ ಎದುರಾಗುವ ಪ್ರಶ್ನೆ ಒಂದೇ: "ಏನವ್ವ, ಡಾಕ್ಟರ್ ಆದ್ಯಲ್ಲ, ದವಾಖಾನಿ ಯಾವಾಗ ತೆಗೀತಿ?" ಈ ಪ್ರಶ್ನೆಗೆ ಹೆದರಿ ಹಬ್ಬಕ್ಕೂ ಊರಿಗೆ ಬಾರದ ಹುಡುಗಿಯರನ್ನು ನಾನು ಬಲ್ಲೆ, ನನ್ನ ಕೈಯಲ್ಲೇ ಕಪ್ಪೆಯ ಹೃದಯದ ಚಿತ್ರ ಬರೆಯಲು ಕಲಿತವರು.

ಪರೀಕ್ಷೆ ಅನ್ಯಾಯದ್ದೆಂದು ನಾನು ಹೇಳುತ್ತಿಲ್ಲ. ಅದನ್ನು ಸಡಿಲಿಸಿ ಎಂಬ ಕೂಗು ಆಗಾಗ ಏಳುತ್ತದೆ, ನಾನು ಅದರ ಜೊತೆಗಿಲ್ಲ. ಅರ್ಧ ಅಂಕಕ್ಕೆ ಪಾಸು ಮಾಡುವ ಪರೀಕ್ಷೆಯಲ್ಲಿ ಇಷ್ಟು ಮಂದಿ ನಿಲ್ಲುತ್ತಿದ್ದಾರೆಂದರೆ ಅವರಿಗೆ ಕಲಿಸಿದ್ದರಲ್ಲೇ ಕೊರತೆ ಇದೆ. ಆ ಕೊರತೆ ಎಲ್ಲಿಯದೆಂದು ಯೋಚಿಸಿದಷ್ಟೂ ನನಗೆ ಕಾಣುವುದು ಭಾಷೆ.

ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ನಿಜ. ಅಂಗರಚನೆ, ಔಷಧಶಾಸ್ತ್ರ ಯಾವ ಭಾಷೆಯಲ್ಲಿ ಓದಿದರೂ ಅದೇ. ಆದರೆ ಮೂರನೇ ವರ್ಷದಿಂದಾಚೆಗಿನ ವೈದ್ಯವಿದ್ಯೆ ಇರುವುದು ಮಂಚದ ಮೇಲೆ ಮಲಗಿದ ಮನುಷ್ಯನಲ್ಲಿ. ಅವನು ಮಾತಾಡಬೇಕು, ವಿದ್ಯಾರ್ಥಿ ಕೇಳಬೇಕು. ಎಲ್ಲಿ ನೋವು, ಯಾವಾಗ ಶುರುವಾಯಿತು, ಉಂಡ ಮೇಲೆ ಹೆಚ್ಚೋ ಕಡಿಮೆಯೋ, ಮನೆಯಲ್ಲಿ ಮತ್ತೆ ಯಾರಿಗಿತ್ತು, ಇವನ್ನು ಕೇಳಿಕೇಳಿಯೇ ಡಾಕ್ಟರ ಬುದ್ಧಿ ಬಲಿಯುವುದು. ಬಿಷ್ಕೆಕ್‌ನ ರೋಗಿ ಕಿರ್ಗಿಸ್ ಇಲ್ಲವೇ ರಷ್ಯನ್ ಆಡುತ್ತಾನೆ, ತ್ಬಿಲಿಸಿಯ ರೋಗಿ ಜಾರ್ಜಿಯನ್. ಭಾಷೆ ಕಲಿಯದ ನಮ್ಮ ಹುಡುಗಿ ಗುಂಪಿನ ಹಿಂದೆ ನಿಂತು, ಪ್ರೊಫೆಸರರು ಇಂಗ್ಲಿಷಿನಲ್ಲಿ ಹೇಳಿದ ಎರಡು ಸಾಲನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಆರು ವರ್ಷದ ಮೇಲೆ ಹಾವೇರಿ ಜಿಲ್ಲಾಸ್ಪತ್ರೆಯಲ್ಲಿ ಅಜ್ಜಿಯೊಬ್ಬಳು ಬಂದು "ಎದಿ ಡವಗುಟ್ಟತೈತಿ, ಕಣ್ಣಿಗೆ ಕತ್ತಲಿ ಬರತೈತಿ, ಹೊಟ್ಟ್ಯಾಗ ಏನೋ ಸಂಕಟ" ಎಂದರೆ ಅದು ಅವಳ ತಾಯಿನುಡಿಯೇ, ಪ್ರತಿ ಮಾತೂ ಅರ್ಥವಾಗುತ್ತದೆ. ಆದರೆ ಆ ಮಾತಿನ ಹಿಂದೆ ಇರುವುದು ರಕ್ತಹೀನತೆಯೋ ಹೃದಯದ ತೊಂದರೆಯೋ ಬರೀ ಗ್ಯಾಸೋ ಎಂದು ಬಿಡಿಸಿಕೊಳ್ಳುವ ಅಭ್ಯಾಸ ಆಗಿರುವುದಿಲ್ಲ.

ರೋಗಗಳೂ ಬೇರೆ. ಕೊಳಕುಮಂಡಲ ಕಚ್ಚಿ ಕಾಲು ಊದಿಕೊಂಡು ಬಂದವನು, ಹೊಲಕ್ಕೆ ಹೊಡೆಯುವ ಔಷಧಿ ಮೈಗಿಳಿದು ಬಾಯಲ್ಲಿ ನೊರೆ ಬರುತ್ತಿರುವವನು, ಮಳೆಗಾಲದ ಡೆಂಗೀ, ಮಲೆನಾಡಿನಲ್ಲಾದರೆ 1957ರಿಂದ ನಮ್ಮನ್ನು ಬಿಡದ ಮಂಗನ ಕಾಯಿಲೆ. ಇವನ್ನು ಮಧ್ಯ ಏಷ್ಯಾದ ವಾರ್ಡಿನಲ್ಲಿ ನೋಡಲಾಗುವುದಿಲ್ಲ, ಪುಸ್ತಕದಲ್ಲಿ ಓದಬೇಕು. ಅವುಗಳನ್ನು ನೋಡುವ ಮೊದಲ ಅವಕಾಶ ಊರಿಗೆ ಬಂದು ಪರೀಕ್ಷೆ ಪಾಸಾದ ಮೇಲಿನ ಇಂಟರ್ನ್‌ಶಿಪ್‌ನಲ್ಲಿ, ಅಲ್ಲಿಯೂ ಒಂದು ಕಾಲೇಜು ತೆಗೆದುಕೊಳ್ಳಬಹುದಾದವರ ಸಂಖ್ಯೆ ಅದರ ಸೀಟುಗಳ ಶೇಕಡಾ 7.5ಕ್ಕೆ ಸೀಮಿತ. ಪಾಸಾದವರೂ ಸಾಲಿನಲ್ಲಿ ಕಾಯುತ್ತಾರೆ.

ಹಾಗಾದರೆ ಪರೀಕ್ಷೆಯ ಬಗ್ಗೆ ನನ್ನ ತಕರಾರೇನು? ಅದು ಎಲ್ಲರಿಗೂ ಇಲ್ಲ ಎಂಬುದು. 137 ಅಂಕಕ್ಕೆ ಕೋಟಿ ಕೊಟ್ಟು ಇಲ್ಲೇ ಓದಿದವನು ತನ್ನ ವಿಶ್ವವಿದ್ಯಾಲಯದ ಪರೀಕ್ಷೆ ಪಾಸಾದರೆ ಡಾಕ್ಟರು. ಕೆಲವು ಕಡೆ ಆ ವಿಶ್ವವಿದ್ಯಾಲಯವೇ ಅವನ ಕಾಲೇಜಿನ ಒಡೆಯನದು. 390 ಅಂಕಕ್ಕೆ ಹೊಲ ಮಾರಿ ಹೊರಗೆ ಹೋದವಳಿಗೆ ಮಾತ್ರ ದೇಶಮಟ್ಟದ ಜರಡಿ. ರೋಗಿಯ ಜೀವದ ಹೆಸರಿನಲ್ಲಿ ಜರಡಿ ಹಿಡಿಯುವುದಾದರೆ ರೋಗಿಗೆ ಇಬ್ಬರು ಡಾಕ್ಟರೂ ಒಂದೇ. ಇದನ್ನು ಸರಿಪಡಿಸಲೆಂದೇ 2019ರ ವೈದ್ಯಕೀಯ ಆಯೋಗದ ಕಾಯ್ದೆಯಲ್ಲಿ 'ನೆಕ್ಸ್ಟ್' ಎಂಬ ಒಂದೇ ನಿರ್ಗಮನ ಪರೀಕ್ಷೆಯನ್ನು ಬರೆದರು. ಒಳಗೆ ಓದಿದವರಿಗೂ ಹೊರಗೆ ಓದಿದವರಿಗೂ ಅದೇ ಪರೀಕ್ಷೆ. 2023ರಲ್ಲಿ ಅಣಕು ಪರೀಕ್ಷೆಯ ದಿನಾಂಕದವರೆಗೂ ವಿಷಯ ಬಂದು, ವಿರೋಧ ಎದ್ದು, ಮುಂದಕ್ಕೆ ಹೋಯಿತು. ಇಲ್ಲಿಯ ವಿದ್ಯಾರ್ಥಿಗಳ ಆತಂಕ ನನಗೆ ಅರ್ಥವಾಗುತ್ತದೆ, ನಡುದಾರಿಯಲ್ಲಿ ನಿಯಮ ಬದಲಿಸಬಾರದು. ಹೊಸದಾಗಿ ಸೇರುವವರಿಗೆ ಮೊದಲೇ ಹೇಳಿ ಜಾರಿಮಾಡಲು ಏನಡ್ಡಿ? ನಡುದಾರಿಯ ಬದಲಾವಣೆಯ ಕಷ್ಟ ಹೊರಗೆ ಹೋದವರಿಗೆ ಚೆನ್ನಾಗಿ ಗೊತ್ತು. ಫಿಲಿಪ್ಪೀನ್ಸ್‌ನ ನಾಲ್ಕು ವರ್ಷದ ಎಂಡಿ ಕೋರ್ಸು 54 ತಿಂಗಳ ನಿಯಮದ ಮುಂದೆ ಸಾಲದೆ ಹೋದಾಗ, ಸೇರಲೆಂದು ಮೊದಲೇ ಹಣ ಕಟ್ಟಿ ಕೂತಿದ್ದವರ ಗತಿ ಏನಾಯಿತೆಂದು ಆಗ ಯಾರೂ ಬೀದಿಗಿಳಿಯಲಿಲ್ಲ.

ಹೊರಗೆ ಹೋದವರಿಗೆ ಇರುವ ಗಂಡಾಂತರ ಪರೀಕ್ಷೆಯೊಂದೇ ಅಲ್ಲ. 2022ರ ಮಾರ್ಚ್ 1ರಂದು ಯುದ್ಧ ನಡೆಯುತ್ತಿದ್ದ ಯುಕ್ರೇನಿನ ಖಾರ್ಕಿವ್‌ನಲ್ಲಿ ದಿನಸಿಗೆಂದು ಹೊರಬಂದ ನಾಲ್ಕನೇ ವರ್ಷದ ವೈದ್ಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ನಮ್ಮ ಹಾವೇರಿ ಜಿಲ್ಲೆಯ ಹುಡುಗ. ಪಿಯುಸಿಯಲ್ಲಿ ಶೇಕಡಾ 97 ಬಂದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ಅವನ ತಂದೆ ಅಂದು ಹೇಳಿದ ಮಾತು ರಾಜ್ಯವನ್ನೆಲ್ಲ ಅಲುಗಾಡಿಸಿತು. ಸೀಟು ನಿರ್ಧಾರವಾಗುವುದು ನೀಟ್ ಅಂಕದಿಂದ, ಪಿಯುಸಿಯಿಂದಲ್ಲ ಎಂದು ಕೆಲವರು ಆಗ ತಿದ್ದಿದರು. ಆ ತಿದ್ದುಪಡಿ ಸರಿಯೇ, ಆದರೆ ತಂದೆ ಹೇಳುತ್ತಿದ್ದದ್ದು ಹಣದ ಮಾತು, ಅದನ್ನು ಯಾರೂ ತಿದ್ದಲಾಗಲಿಲ್ಲ. ಮೂರು ವಾರದ ಮೇಲೆ ಮಗನ ದೇಹ ಬಂದಾಗ ಆ ಕುಟುಂಬ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜೊಂದಕ್ಕೆ, ವಿದ್ಯಾರ್ಥಿಗಳ ಕಲಿಕೆಗೆಂದು ಕೊಟ್ಟಿತು. ಸೀಟು ಸಿಗದ ನಾಡಿನ ವೈದ್ಯಕೀಯ ಕಾಲೇಜಿಗೆ ಆ ಹುಡುಗ ಒಳಗೆ ಬಂದದ್ದು ಹಾಗೆ. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಕೈ ನಿಲ್ಲುತ್ತದೆ.

ಯುಕ್ರೇನಿನಲ್ಲಿ ಆಗ ಇಪ್ಪತ್ತು ಸಾವಿರದಷ್ಟು ಭಾರತೀಯ ವಿದ್ಯಾರ್ಥಿಗಳಿದ್ದರು. ಅದಕ್ಕೆ ಮೊದಲು ಕೋವಿಡ್‌ನಲ್ಲಿ ಚೀನಾದಿಂದ ಬಂದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಂದಿರುಗಲಾಗದೆ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದರು. 2024ರ ಮೇ ತಿಂಗಳಲ್ಲಿ ಬಿಷ್ಕೆಕ್‌ನಲ್ಲಿ ಹೊರದೇಶದ ವಿದ್ಯಾರ್ಥಿಗಳ ಮೇಲೆ ಗುಂಪು ಹಲ್ಲೆಯಾಯಿತು, ಜುಲೈನಲ್ಲಿ ಬಾಂಗ್ಲಾದೇಶದ ಗಲಭೆ. 2025ರ ಜೂನಿನಲ್ಲಿ ಇರಾನಿನ ಮೇಲೆ ಬಾಂಬು ಬಿದ್ದಾಗ, ಅಲ್ಲಿಗೆ ಮಕ್ಕಳನ್ನು ಓದಲು ಕಳಿಸಿದ್ದ ಗೌರಿಬಿದನೂರು ತಾಲ್ಲೂಕಿನ ಅಲಿಪುರದ ಮನೆಗಳು ಫೋನು ಹಿಡಿದು ಕೂತವು. ಯುಕ್ರೇನ್, ಇರಾನಿನಲ್ಲಿದ್ದವರನ್ನು ಕರೆತರಲು ಸರ್ಕಾರ ವಿಮಾನ ಕಳಿಸಿತು, ಅದಕ್ಕೆ ನಾನು ಕೃತಜ್ಞ. ಆದರೆ ವಿಮಾನ ಕಳಿಸುವ ಕ್ಷಣದವರೆಗೆ ಯಾವ ಕಾಲೇಜಿನಲ್ಲಿ ನಮ್ಮವರು ಎಷ್ಟು ಮಂದಿ, ಏನು ಕಲಿಯುತ್ತಿದ್ದಾರೆ ಎಂದು ಕೇಳುವವರೇ ಇರಲಿಲ್ಲ.

ಹೊರಗೆ ಕಳಿಸುವುದನ್ನು ಅಚ್ಚುಕಟ್ಟಾಗಿ ಮಾಡಿದ ದೇಶವನ್ನು ನೋಡಲು ನಾವು ದೂರ ಹೋಗಬೇಕಿಲ್ಲ, ಮಣಿಪಾಲಕ್ಕೆ ಹೋದರೆ ಸಾಕು. ಮಲೇಷ್ಯಾಕ್ಕೂ ಒಂದು ಕಾಲದಲ್ಲಿ ಸೀಟುಗಳ ಬರ ಇತ್ತು, ಅಲ್ಲಿಯ ಮಕ್ಕಳು ದಶಕಗಳಿಂದ ಕರ್ನಾಟಕಕ್ಕೆ ಬಂದು ಓದುತ್ತಿದ್ದರು. 1997ರಲ್ಲಿ ಶುರುವಾದ ಮೆಲಾಕಾ ಮಣಿಪಾಲ ಮೆಡಿಕಲ್ ಕಾಲೇಜಿನ ಏರ್ಪಾಡು ನನಗೆ ಬಹಳ ಇಷ್ಟ. ಆಗ ಮೊದಲ ಎರಡೂವರೆ ವರ್ಷ ಮಣಿಪಾಲದಲ್ಲಿ ಪುಸ್ತಕದ ವಿದ್ಯೆ ಕಲಿಯುತ್ತಿದ್ದರು. ಆಮೇಲೆ ಸ್ವಂತ ದೇಶಕ್ಕೆ ಹೋಗಿ ಮೆಲಾಕಾದ ಆಸ್ಪತ್ರೆಗಳಲ್ಲಿ, ತಮ್ಮದೇ ಭಾಷೆಯ ರೋಗಿಗಳ ಮಂಚದ ಪಕ್ಕದಲ್ಲಿ ಉಳಿದ ವಿದ್ಯೆ ಕಲಿಯುತ್ತಿದ್ದರು. ಬೆಳಗಾವಿಯಲ್ಲಿ 2010ರಿಂದ ಮಲೇಷ್ಯಾದ ವಿಜ್ಞಾನ ವಿಶ್ವವಿದ್ಯಾಲಯವೇ ಕೆಎಲ್‌ಇ ಜೊತೆ ಸೇರಿ ತನ್ನ ಪಠ್ಯಕ್ರಮ, ತನ್ನ ಪದವಿಯ ಕೋರ್ಸನ್ನು ನಡೆಸಿತು. ಯಾವ ವಿದೇಶಿ ಪದವಿಗಳಿಗೆ ಮಾನ್ಯತೆ ಎಂಬುದನ್ನು ಆ ದೇಶ 1971ರ ತನ್ನ ವೈದ್ಯಕೀಯ ಕಾಯ್ದೆಯ ಅನುಸೂಚಿಯಲ್ಲೇ ಬರೆದಿಟ್ಟಿದೆ. ಹೊರಡುವವನು ಅದನ್ನು ನೋಡಿಯೇ ಹೊರಡಬಹುದು. ನಮ್ಮ ನಿಯಮ ಇದಕ್ಕೆ ತಿರುಗುಮುರುಗು: ಪಟ್ಟಿಯೂ ಇಲ್ಲ, ಕೋರ್ಸಿನ ಯಾವ ಭಾಗವನ್ನೂ ಭಾರತದಲ್ಲಿ ಮಾಡುವಂತೆಯೂ ಇಲ್ಲ. ಎಲ್ಲವೂ ಅದೇ ವಿದೇಶಿ ಸಂಸ್ಥೆಯಲ್ಲೇ ಆಗಬೇಕು.

ಜನ ತಮ್ಮ ಹಣದಲ್ಲಿ, ತಮ್ಮ ಇಷ್ಟದಿಂದ ಹೋಗುತ್ತಾರೆ, ಸರ್ಕಾರ ಯಾಕೆ ತಲೆಹಾಕಬೇಕು ಎನ್ನುವವರಿದ್ದಾರೆ. ಸರ್ಕಾರ ಆಗಲೇ ತಲೆಹಾಕಿದೆಯಲ್ಲ. 2018ರಿಂದ ಹೊರಗೆ ಓದುವವರಿಗೂ ನೀಟ್ ಅರ್ಹತೆ ಕಡ್ಡಾಯ. ಹೋಗುವ ಮೊದಲು ಹುಡುಗಿಯನ್ನು ಪರೀಕ್ಷಿಸುವ ಸರ್ಕಾರ, ಅವಳು ಹೋಗುವ ಕಾಲೇಜನ್ನು ಪರೀಕ್ಷಿಸುವುದಿಲ್ಲ ಎಂಬುದೇ ನನಗೆ ಒಪ್ಪಿಗೆಯಾಗದ್ದು. ಎಲ್ಲ ಕಾಲೇಜುಗಳಿಗೂ ಹೋಗಿ ನೋಡಿ ಬರಬೇಕೆಂದಲ್ಲ, ಅದು ಆಗದ ಮಾತು. ಆದರೆ ಯಾವ ದೇಶದ ಯಾವ ಕಾಲೇಜಿನಿಂದ ಬಂದವರು ಎಫ್‌ಎಂಜಿಇಯಲ್ಲಿ ಎಷ್ಟು ಮಂದಿ ಕೂತರು, ಎಷ್ಟು ಮಂದಿ ಪಾಸಾದರು ಎಂಬ ಲೆಕ್ಕ ಪರೀಕ್ಷಾ ಮಂಡಳಿಯ ಹತ್ತಿರ ಇದೆ, ಇಂಗ್ಲಿಷಿನ ಕೋಷ್ಟಕಗಳಾಗಿ ಪ್ರಕಟವೂ ಆಗಿದೆ. ಅದನ್ನು ಕನ್ನಡದಲ್ಲಿ, ಐದು ವರ್ಷದ ಲೆಕ್ಕವನ್ನು ಒಟ್ಟುಗೂಡಿಸಿ, ನೀಟ್ ಫಲಿತಾಂಶದ ದಿನವೇ ರಾಜ್ಯದ ಪರೀಕ್ಷಾ ಪ್ರಾಧಿಕಾರವಾದ ಕೆಇಎ ಪ್ರಕಟಿಸಿದರೆ ಏಜೆಂಟರ ಬಣ್ಣದ ಕರಪತ್ರಕ್ಕೆ ಎದುರಾಗಿ ಅಪ್ಪಂದಿರ ಕೈಯಲ್ಲೂ ಒಂದು ಕಾಗದ ಇರುತ್ತದೆ. ಸತತವಾಗಿ ಸೋಲುವವರನ್ನೇ ಕಳಿಸುವ ಕಾಲೇಜಿಗೆ ಹೊಸಬರು ಸೇರದಂತೆ ತಡೆಯುವುದಕ್ಕೂ ಅದೇ ಲೆಕ್ಕ ಸಾಕು. ರಜೆಯಲ್ಲಿ ಊರಿಗೆ ಬರುವ ವಿದ್ಯಾರ್ಥಿಗಳು ಜಿಲ್ಲಾಸ್ಪತ್ರೆಯ ವಾರ್ಡಿನಲ್ಲಿ ಒಂದೆರಡು ತಿಂಗಳು ನಿಲ್ಲಲು ಅಧಿಕೃತ ಅವಕಾಶ ಬೇಕು, ಕನ್ನಡದ ರೋಗಿಯ ಜೊತೆ ಮಾತಾಡಿ ಕಲಿಯಲು. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ, ನಿಯಮದ ಒಂದು ಸಾಲು ಬದಲಾದರೆ ಸಾಕು.

ಇದೆಲ್ಲ ಆಗುವವರೆಗೆ ನನ್ನ ಹಳೆಯ ವಿದ್ಯಾರ್ಥಿಗೆ ನಾನು ಹೇಳಲು ಸಾಧ್ಯವಿದ್ದದ್ದು ಸ್ವಲ್ಪವೇ. ದೇಶದ ಹೆಸರು ಬಿಡು ಎಂದೆ. ಕಾಲೇಜಿನ ಹೆಸರು ಹಿಡಿದು ಎಫ್‌ಎಂಜಿಇ ಲೆಕ್ಕ ನೋಡು. ಕೋರ್ಸು ಎಷ್ಟು ತಿಂಗಳು, ಇಂಟರ್ನ್‌ಶಿಪ್ ಅಲ್ಲೇ ಆಗುತ್ತದೆಯೇ, ಓದು ಮುಗಿದ ಮೇಲೆ ಆ ದೇಶದಲ್ಲೇ ಡಾಕ್ಟರಾಗಿ ಕೆಲಸ ಮಾಡುವ ಪರವಾನಗಿ ಇವಳಿಗೆ ಸಿಗುತ್ತದೆಯೇ ಎಂದು ಏಜೆಂಟನನ್ನಲ್ಲ, ಕಾಲೇಜನ್ನೇ ಬರವಣಿಗೆಯಲ್ಲಿ ಕೇಳು. ಶುಲ್ಕ ಡಾಲರಿನಲ್ಲಿದೆ, ನಿನ್ನ ಸಾಲ ರೂಪಾಯಿಯಲ್ಲಿದೆ, ಆರನೇ ವರ್ಷದ ಲೆಕ್ಕವನ್ನು ಇವತ್ತಿನ ದರದಲ್ಲಿ ಹಾಕಬೇಡ. ಹುಡುಗಿಗೆ ಹೇಳಿದ್ದು ಒಂದೇ: ಹೋಗುವುದೇ ಆದರೆ ಮೊದಲ ದಿನದಿಂದ ಅಲ್ಲಿಯ ಜನರ ಭಾಷೆ ಕಲಿ, ಅಡುಗೆಮನೆಯ ಭಾಷೆಯಷ್ಟಲ್ಲ, ಕಾಯಿಲೆಯ ಭಾಷೆ.

ಅವಳು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಎದ್ದು ಹೊರಡುವಾಗ, "ಸರ, ಲೈಸೆನ್ಸಿಂದು ನಾನ ಬರೆದು ಕೇಳ್ತೀನ್ರಿ" ಎಂದಳು. ಹೋದ ವಾರ ಫೋನು ಮಾಡಿದ್ದಳು. ಎರಡು ಕಾಲೇಜಿಗೂ ಬರೆದಿದ್ದಾಳೆ, ಇನ್ನೂ ಉತ್ತರ ಬಂದಿಲ್ಲ. ಅಷ್ಟರಲ್ಲಿ ಏಜೆಂಟ್ ಅವಳ ಅಪ್ಪನಿಗೆ ಮೂರು ಸಲ ಫೋನು ಮಾಡಿದ್ದಾನೆ, ಇನ್ನು ಎರಡೇ ಸೀಟು ಉಳಿದಿವೆಯಂತೆ.